ಇಪ್ಪತ್ತು ಡಾಲರಿನ ರೂಕಿ ಗೈಡ್: ರ್‍ಯಾಂಕಿಂಗ್ ಬಿಡಿ, ಕೊನೇ ಪುಟಗಳನ್ನು ಓದಿ

ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ (ಅಮೆರಿಕದ ಎನ್‌ಬಿಎ ಆಟಗಾರರನ್ನು ಆರಿಸಿ ಲೆಕ್ಕದ ತಂಡ ಕಟ್ಟಿ, ಅವರ ನಿಜವಾದ ಪಂದ್ಯಗಳ ಅಂಕಿಗಳಿಂದ ಸ್ಪರ್ಧಿಸುವ ಆಟ) ಆಡುವವರಿಗೆಂದು ಪ್ರತಿ ಬೇಸಿಗೆಯಲ್ಲೂ ಮಾರಾಟಕ್ಕೆ ಬರುವ ರೂಕಿ (ಮೊದಲ ವರ್ಷದ ಆಟಗಾರ) ಡ್ರಾಫ್ಟ್ ಗೈಡ್‌ಗಳಲ್ಲಿ ಒಂದನ್ನು ನಾನು ಕೆಲವು ಸೀಸನ್‌ಗಳಿಂದ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೇನೆ. ವರ್ಷಕ್ಕೆ 20 ಡಾಲರ್. ಹೆಸರು ಬರೆಯುತ್ತಿಲ್ಲ, ಈ ಜಾತಿಯವೆಲ್ಲ ಹೆಚ್ಚು ಕಡಿಮೆ ಒಂದೇ ಅಚ್ಚಿನವು, ಒಂದನ್ನೇ ಎತ್ತಿ ಬೈಯುವುದು ಸರಿಯಲ್ಲ. ಒಳಗೆ ಮೂರು ಭಾಗ: ಹೊಸ ಹುಡುಗರ ರ್‍ಯಾಂಕಿಂಗ್, ಒಬ್ಬೊಬ್ಬರಿಗೂ ಒಂದೊಂದು ಪುಟ, ಕೊನೆಯಲ್ಲಿ ಯಾವ ತಂಡದಲ್ಲಿ ಯಾವ ಜಾಗಕ್ಕೆ ಯಾರ್ಯಾರು ಕಾಯುತ್ತಿದ್ದಾರೆ ಅನ್ನುವ ಡೆಪ್ತ್ ಚಾರ್ಟ್. ಎಲ್ಲರೂ ದುಡ್ಡು ಕೊಡುವುದು ಮೊದಲನೆಯದಕ್ಕೆ. ಇಡೀ ಗೈಡಿನಲ್ಲಿ ತೀರಾ ಸಪ್ಪೆ ಇರುವುದೂ ಅದೇ.

ನಮ್ಮದು ಹನ್ನೆರಡು ತಂಡಗಳ ಡೈನಾಸ್ಟಿ ಲೀಗ್. ಅಂದರೆ ಆರಿಸಿಕೊಂಡ ಆಟಗಾರ ವರ್ಷ ವರ್ಷವೂ ನಮ್ಮ ಬಳಿಯೇ ಇರುತ್ತಾನೆ, ಹೊಸಬರಿಗೆ ಮಾತ್ರ ಪ್ರತಿ ವರ್ಷ ಡ್ರಾಫ್ಟ್, ಅಂದರೆ ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳುವುದು. ಒಂದೊಂದು ಆಯ್ಕೆಯೂ ಒಂದು ಪಿಕ್. ನಾನು ಹ್ಯೂಸ್ಟನ್ ಪಕ್ಕದಲ್ಲಿ, ಭಾವ ನ್ಯೂಜೆರ್ಸಿಯಲ್ಲಿ, ತಮ್ಮ ಮತ್ತು ಅವನ ಕಾಲೇಜು ಗೆಳೆಯರು ಬೆಂಗಳೂರಿನಲ್ಲಿ. ಶನಿವಾರ ರಾತ್ರಿ ಎಂಟೂವರೆಗೆ ನಾನು ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದರೆ ಅಲ್ಲಿ ಭಾನುವಾರ ಬೆಳಗ್ಗೆ ಏಳು ಗಂಟೆ. ಮೊದಲ ಎರಡು ಪಿಕ್ ಮುಗಿಯುವವರೆಗೂ ಅವರ ಕಡೆಯಿಂದ ಆಕಳಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಆಟ ಒಂಬತ್ತು ಕೆಟಗರಿಯದು: ಪಾಯಿಂಟ್, ರೀಬೌಂಡ್, ಅಸಿಸ್ಟ್, ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು), ತ್ರೀ (ದೂರದಿಂದ ಎಸೆದ ಮೂರು ಪಾಯಿಂಟಿನ ಬುಟ್ಟಿ), ಫೀಲ್ಡ್ ಗೋಲ್ ಶೇಕಡಾ (ಆಟದ ನಡುವೆ ಎಸೆದದ್ದರಲ್ಲಿ ಬುಟ್ಟಿಗೆ ಬಿದ್ದ ಪಾಲು), ಫ್ರೀ ಥ್ರೋ ಶೇಕಡಾ, ಟರ್ನೋವರ್ (ಚೆಂಡು ಕಳೆದುಕೊಳ್ಳುವುದು, ಕಡಿಮೆಯಿದ್ದಷ್ಟೂ ಒಳ್ಳೆಯದು). ಒಂದೊಂದು ಕೆಟಗರಿಯಲ್ಲೂ ಎದುರಾಳಿಯನ್ನು ಬೇರೆ ಬೇರೆಯಾಗಿ ಗೆಲ್ಲಬೇಕು. ಇದನ್ನು ಯಾಕೆ ಹೇಳಬೇಕಾಯಿತೆಂದರೆ, ಗೈಡಿನ ರ್‍ಯಾಂಕಿಂಗ್ ಬರೆಯುವವರಿಗೆ ಈ ಒಂಬತ್ತರಲ್ಲಿ ಮೊದಲನೆಯದು ಮಾತ್ರ ಕಣ್ಣಿಗೆ ಬಿದ್ದಂತಿದೆ.

ಪಾವ್ಲೋ ಬಾಂಕೇರೋನನ್ನೇ ನೋಡಿ. 2022ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲ ಪಿಕ್, ಒರ್ಲ್ಯಾಂಡೋ ಪಾಲಾದ, ಪಂದ್ಯಕ್ಕೆ 20 ಪಾಯಿಂಟ್ ಹೊಡೆದು ಆ ವರ್ಷದ ರೂಕಿ ಪ್ರಶಸ್ತಿಯನ್ನೂ ಗೆದ್ದ. ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೀಲ್ಡ್ ಗೋಲ್ ಶೇ. 42.7, ಫ್ರೀ ಥ್ರೋ ಶೇ. 73.8. ಫ್ರೀ ಥ್ರೋ ಕಡಿಮೆ ಎಸೆಯುವವನಾಗಿದ್ದರೆ ಚಿಂತೆಯಿರಲಿಲ್ಲ. ಇವನು ಪಂದ್ಯಕ್ಕೆ ಏಳಕ್ಕಿಂತ ಹೆಚ್ಚು ಎಸೆಯುತ್ತಿದ್ದ. ವಾರಕ್ಕೆ ನಾಲ್ಕು ಪಂದ್ಯ ಬಿತ್ತೆಂದರೆ ಸುಮಾರು 30 ಎಸೆತ, ಅದರಲ್ಲಿ ಎಂಟು ವ್ಯರ್ಥ. ನಮ್ಮ ತಂಡದ ಉಳಿದವರೆಲ್ಲ ಸೇರಿ ಕಾಪಾಡಿಕೊಂಡು ಬಂದ ಶೇಕಡಾವಾರನ್ನು ಅವನೊಬ್ಬನೇ ಕೆಳಗಿಳಿಸುತ್ತಾನೆ. ಅದೇ ವರ್ಷ 22ನೇ ಪಿಕ್ ಆಗಿ ಬಂದ ವಾಕರ್ ಕೆಸ್ಲರ್, ರೂಡಿ ಗೋಬೇರ್‌ನನ್ನು ಬಿಟ್ಟುಕೊಟ್ಟ ಟ್ರೇಡ್‌ನಲ್ಲಿ (ತಂಡಗಳ ನಡುವಿನ ಆಟಗಾರರ ಅದಲುಬದಲು) ಯೂಟಾಗೆ ಸಿಕ್ಕವನು, ಹತ್ತು ಪಾಯಿಂಟ್ ಕೂಡ ಮುಟ್ಟಲಿಲ್ಲ. ಆದರೆ ಪಂದ್ಯಕ್ಕೆ 2.3 ಬ್ಲಾಕ್, ಫೀಲ್ಡ್ ಗೋಲ್ ಶೇ. 72. ಅಂಥವನೊಬ್ಬ ಇದ್ದರೆ ಬ್ಲಾಕ್ ಕೆಟಗರಿಯನ್ನು ವಾರದ ಮಧ್ಯಕ್ಕೇ ಮರೆತುಬಿಡಬಹುದು. ಗೈಡಿನ ಹಳೆಯ ಸಂಚಿಕೆಗಳು ಚಂದಾದಾರರಿಗೆ ತೆರೆದೇ ಇರುತ್ತವೆ (ಅದು ಮೆಚ್ಚಬೇಕಾದ ಪ್ರಾಮಾಣಿಕತೆ). ಆ ವರ್ಷದ್ದನ್ನು ತೆಗೆದು ನೋಡಿ: ಕೆಸ್ಲರ್‌ಗೆ ಸಿಕ್ಕಿದ್ದು ಎರಡು ಸಾಲು, ಅದರಲ್ಲೊಂದು ಅವನ ಎತ್ತರದ ಬಗ್ಗೆ.

ಇನ್ನು ಒಬ್ಬೊಬ್ಬ ಆಟಗಾರನ ಪುಟ. ಇಲ್ಲಿ ಕೆಲಸ ನಡೆದಿದೆ. ಸರಿಯಾದ ಪುಟವೂ ಕೈಕೊಡುವುದು ಹೇಗೆ ಅನ್ನುವುದಕ್ಕೆ 2024ರ ರೀಡ್ ಶೆಪರ್ಡ್ ಪುಟ ಸಾಕು. ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷ ಆಡಿದ ಹುಡುಗ, ತ್ರೀಗಳು ಶೇ. 52.1, ಪಂದ್ಯಕ್ಕೆ 2.5 ಸ್ಟೀಲ್, 4.5 ಅಸಿಸ್ಟ್. ಒಂಬತ್ತು ಕೆಟಗರಿ ಆಡುವವರಿಗೆ ಹೇಳಿ ಮಾಡಿಸಿದ ಅಂಕಿಗಳು. ಕಾಲೇಜಿನ ಸ್ಟೀಲ್ ಎನ್‌ಬಿಎಗೂ ಸಾಮಾನ್ಯವಾಗಿ ಜೊತೆಗೇ ಬರುತ್ತದೆ, ಪಾಯಿಂಟ್‌ಗಳ ವಿಷಯದಲ್ಲಿ ಅಷ್ಟು ಭರವಸೆ ಇಡಲಾಗದು ಎಂದು ಗೈಡ್ ಅಲ್ಲಿ ಬಿಡಿಸಿ ಬರೆದಿತ್ತು. ನಾನೂ ಒಪ್ಪುವ ಮಾತು. ಮೂರನೇ ಪಿಕ್ ಆಗಿ ನಮ್ಮೂರ ಹ್ಯೂಸ್ಟನ್ ರಾಕೆಟ್ಸ್‌ಗೇ ಬಂದ. ತಮ್ಮ ಆ ಪುಟ ಓದಿ ಅವನನ್ನೇ ಎತ್ತಿಕೊಂಡ.

ಆಮೇಲೆ? ರಾಕೆಟ್ಸ್‌ನಲ್ಲಿ ಅದಾಗಲೇ ಫ್ರೆಡ್ ವ್ಯಾನ್‌ವ್ಲೀಟ್, ಜೇಲನ್ ಗ್ರೀನ್, ಏಮೆನ್ ಥಾಂಪ್ಸನ್, ಮೂವರೂ ಅದೇ ಗಾರ್ಡ್ (ಚೆಂಡು ಮುನ್ನಡೆಸುವವರು) ಜಾಗದವರು. ಕೋಚ್ ಇಮೆ ಉಡೋಕಾ ಡಿಫೆನ್ಸ್ ಆಡದವನನ್ನು ಅಂಕಣದಲ್ಲಿ ಬಿಡುವವರಲ್ಲ. ತಂಡ ಬೇರೆ ಗೆಲ್ಲುತ್ತಿತ್ತು, ಆ ಸೀಸನ್‌ನಲ್ಲಿ 52 ಗೆಲುವು. ಗೆಲ್ಲುವ ತಂಡಕ್ಕೆ ರೂಕಿಯನ್ನು ಆಡಿಸಿ ಕಲಿಸುವ ಪುರುಸೊತ್ತು ಎಲ್ಲಿ? ಶೆಪರ್ಡ್‌ಗೆ ಸಿಕ್ಕಿದ್ದು ಪಂದ್ಯಕ್ಕೆ ಹನ್ನೆರಡು ಹದಿಮೂರು ನಿಮಿಷ. ಎಲೆ ಹಾಕಿ ಕೂರಿಸಿದ್ದಾರೆ, ಬಡಿಸುವವರು ಮಾತ್ರ ಆ ಪಂಕ್ತಿಗೆ ಬರಲೇ ಇಲ್ಲ. ತಮ್ಮ ಅಲ್ಲಿಂದ ಫೋನ್ ಮಾಡಿ, "ಅಕ್ಕಾ, ನಿಮ್ಮೂರಿನ ಕೋಚ್‌ಗೆ ಸ್ವಲ್ಪ ಹೇಳೇ" ಅಂತ ಗೋಳಾಡುತ್ತಿದ್ದ.

ಸಿಟ್ಟು ಬರುವುದು ಎಲ್ಲಿ ಅಂದರೆ, ಇದೆಲ್ಲ ಅದೇ ಗೈಡಿನ ಕೊನೆಯ ಭಾಗದಲ್ಲಿ ಅಚ್ಚಾಗಿತ್ತು! ಹ್ಯೂಸ್ಟನ್‌ನ ಡೆಪ್ತ್ ಚಾರ್ಟ್‌ನಲ್ಲಿ ಶೆಪರ್ಡ್ ಹೆಸರು ಗಾರ್ಡ್‌ಗಳ ಸಾಲಿನಲ್ಲಿ ಕೆಳಗಿತ್ತು, ಪಕ್ಕದಲ್ಲಿ "ಮೊದಲ ವರ್ಷ 15 ನಿಮಿಷ ದಾಟಿದರೆ ಆಶ್ಚರ್ಯ" ಅನ್ನುವ ಟಿಪ್ಪಣಿ. ಡೆಪ್ತ್ ಚಾರ್ಟ್ ಬರೆದವರು ಹೇಳಿದ್ದನ್ನು ರ್‍ಯಾಂಕಿಂಗ್ ಬರೆದವರೂ ಆಟಗಾರನ ಪುಟ ಬರೆದವರೂ ಓದಿಲ್ಲ. ಒಂದೇ ಕಚೇರಿಯಲ್ಲಿ ಕೂತು ಕೆಲಸ ಮಾಡುತ್ತಾರೋ ಇಲ್ಲವೋ.

ಹಾಗಂತ ನಿಮಿಷ ಸಿಕ್ಕರೆ ಎಲ್ಲ ಮುಗಿಯಿತು ಅಂತಲ್ಲ. ಪೋರ್ಟ್‌ಲ್ಯಾಂಡ್ ತಂಡ ಸ್ಕೂಟ್ ಹೆಂಡರ್ಸನ್‌ಗೆ ಮೊದಲ ವರ್ಷವೇ ಧಾರಾಳವಾಗಿ ನಿಮಿಷ ಕೊಟ್ಟಿತು. ಅವನು ಹಿಂದಿರುಗಿಸಿದ್ದು ಶೇ. 38.5 ಫೀಲ್ಡ್ ಗೋಲ್, ಪಂದ್ಯಕ್ಕೆ 3.4 ಟರ್ನೋವರ್. ಮೆಂಫಿಸ್‌ನ ಜೇಲನ್ ವೆಲ್ಸ್ 39ನೇ ಪಿಕ್ ಆಗಿ ಬಂದು ಸೀಸನ್‌ನ ಬಹುಪಾಲು ಸ್ಟಾರ್ಟರ್ (ಶುರುವಿನಿಂದಲೇ ಅಂಕಣಕ್ಕಿಳಿಯುವವನು) ಆಗಿದ್ದ, ವರ್ಷದ ಅತ್ಯುತ್ತಮ ಹೊಸಬರ ಪಟ್ಟಿಯಾದ ಆಲ್ ರೂಕಿ ಮೊದಲ ತಂಡಕ್ಕೂ ಆಯ್ಕೆಯಾದ. ಫ್ಯಾಂಟಸಿಯಲ್ಲಿ ಮಾತ್ರ ಹತ್ತು ಪಾಯಿಂಟ್, ಒಂದಿಷ್ಟು ತ್ರೀ, ಅಷ್ಟೇ. ಬ್ಲಾಕ್ ಇಲ್ಲ, ಸ್ಟೀಲ್ ಇಲ್ಲ. ನಿಮಿಷವೂ ಬೇಕು, ಆ ನಿಮಿಷದಲ್ಲಿ ಅಪರೂಪದ ಕೆಟಗರಿಯೂ ಹುಟ್ಟಬೇಕು.

ಸೀಸನ್‌ಗೆ ಮುಂಚೆ ಹೊಸ ಹುಡುಗರು ಆಡುವ ಸಮ್ಮರ್ ಲೀಗ್ ಬಗ್ಗೆ ಗೈಡಿನಲ್ಲಿ ಹತ್ತಾರು ಪುಟ. ಹಾರಿಸಿ. 2023ರಲ್ಲಿ ಲಾಸ್ ವೇಗಸ್‌ನ ಸಮ್ಮರ್ ಲೀಗ್ ಎಂವಿಪಿ (ಶ್ರೇಷ್ಠ ಆಟಗಾರ) ಕ್ಯಾಮ್ ವಿಟ್ಮೋರ್, ಆಗ ಅವನೂ ಹ್ಯೂಸ್ಟನ್‌ನವನೇ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾದಾಗ ಬೆಂಚಿನ ತುದಿಯಲ್ಲಿದ್ದ.

ಏಮೆನ್ ಥಾಂಪ್ಸನ್ ವಿಷಯದಲ್ಲಿ ಗೈಡಿಗೆ ಪೂರ್ತಿ ಅಂಕ. 2023ರ ನಾಲ್ಕನೇ ಪಿಕ್. ಮೊದಲ ವರ್ಷ ತ್ರೀಗಳಲ್ಲಿ ಶೇ. 13.8, ಸೀಸನ್ ಶುರುವಿನಲ್ಲೇ ಕಾಲು ಉಳುಕಿಸಿಕೊಂಡ. ನಮ್ಮ ಲೀಗ್‌ನಲ್ಲಿ ಅವನನ್ನು ಹಿಡಿದಿದ್ದವರು ಬೇಸರಪಟ್ಟು ಮಾರಲು ಹೊರಟಿದ್ದರು. ಫೆಬ್ರವರಿಯ ಅಪ್‌ಡೇಟ್‌ನಲ್ಲಿ ಗೈಡ್ ಬರೆದದ್ದು ಇಷ್ಟು: ಶೂಟಿಂಗ್ ನೋಡಬೇಡಿ, ಗಾರ್ಡ್ ಆಗಿ ಅವನು ಎಳೆಯುವ ರೀಬೌಂಡ್ ನೋಡಿ, ಬಿಡಬೇಡಿ. ಎರಡನೇ ವರ್ಷಕ್ಕೆ 14 ಪಾಯಿಂಟ್, 8.2 ರೀಬೌಂಡ್, ಸ್ಟೀಲ್ ಬ್ಲಾಕ್ ಎರಡೂ ಪಂದ್ಯಕ್ಕೆ ಒಂದಕ್ಕಿಂತ ಹೆಚ್ಚು, ಆಲ್ ಡಿಫೆನ್ಸಿವ್ ಮೊದಲ ತಂಡದಲ್ಲಿ ಹೆಸರು. ಭಾವ ಅವನನ್ನು ಯಾವ ಬೆಲೆಗೆ ಕೊಂಡರು ಅಂತ ಬರೆದರೆ ಮಾರಿದವರಿಗೆ ಮತ್ತೆ ಹೊಟ್ಟೆ ಉರಿಯುತ್ತದೆ, ಬೇಡ.

2025ರ ಸಂಚಿಕೆ ಸ್ವಲ್ಪ ಸುಧಾರಿಸಿದೆ. ಕೂಪರ್ ಫ್ಲ್ಯಾಗ್ ಪುಟಕ್ಕೆ ದುಡ್ಡು ಕೊಡಬೇಕಾಗಿಯೇ ಇಲ್ಲ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸ್ಟೀಲ್ 1.4, ಬ್ಲಾಕ್ 1.4 ಇದ್ದ ಹುಡುಗ ಡಲ್ಲಾಸ್‌ಗೆ ಹೋದ ಮೇಲೆ ಅವನೇ ಮೊದಲ ಪಿಕ್ ಎಂದು ಹೇಳಲು ಯಾರೂ ಬೇಕಿಲ್ಲ. ಆದರೆ ಎರಡನೇ ಪಿಕ್ ಡಿಲನ್ ಹಾರ್ಪರ್ ಪುಟದಲ್ಲಿ, ಸ್ಯಾನ್ ಆಂಟೋನಿಯೋದಲ್ಲಿ ಡಿ'ಆರನ್ ಫಾಕ್ಸ್ ಮತ್ತು ಸ್ಟೆಫಾನ್ ಕ್ಯಾಸಲ್ ಇರುವಾಗ ಚೆಂಡು ಇವನ ಕೈಗೆ ಎಷ್ಟು ಹೊತ್ತು ಬರುತ್ತದೆ ಅನ್ನುವ ಪ್ರಶ್ನೆಯನ್ನು ಮೊದಲ ಸಾಲಿನಲ್ಲೇ ಎತ್ತಿದ್ದಾರೆ. ಹೀಗೇ ಬರೆಯಲಿ ಅಂತ ತಾನೇ ನಾವು ದುಡ್ಡು ಕೊಡುವುದು.

ಫೋನಿನಲ್ಲಿ ಓದುವುದು ಹಿಂಸೆ. ಪಟ್ಟಿಯ ಎಡಗಡೆಯ ಕಾಲಂ ನಿಲ್ಲುವುದಿಲ್ಲ, ಬಲಕ್ಕೆ ಸರಿಸಿದರೆ ಯಾರ ಟರ್ನೋವರ್ ನೋಡುತ್ತಿದ್ದೇವೆ ಅನ್ನುವುದೇ ತಿಳಿಯದು. ಡ್ರಾಫ್ಟ್‌ನಲ್ಲಿ ಪಿಕ್‌ಗೆ ಒಂದೂವರೆ ನಿಮಿಷ ಇಟ್ಟುಕೊಂಡಿರುವ ನಮಗೆ ಇದು ಸಣ್ಣ ತೊಂದರೆಯಲ್ಲ. ಕಾಲೇಜಿನ ಅಂಕಿಗಳು ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್‌ನವರ ಕಾಲೇಜು ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡರೆ ಗೈಡಿನ ಮಧ್ಯದ ಭಾಗವೂ ಅರ್ಧ ಬೇಕಾಗುವುದಿಲ್ಲ. ಎಲ್ಲ ಅಂಕಿಗಳನ್ನೂ ಒಂದೇ ಮೊತ್ತಕ್ಕೆ ಕೂಡಿಸುವ ಪಾಯಿಂಟ್ಸ್ ಲೀಗ್ ಆಡುವವರಿಗೆ ನನ್ನ ದೂರುಗಳಲ್ಲಿ ಕೆಲವು ಅನ್ವಯಿಸುವುದಿಲ್ಲ. ಅಲ್ಲಿ ಬಾಂಕೇರೋನಂಥವನು ಮೊದಲ ವರ್ಷವೇ ಚಿನ್ನ.

ಜುಲೈನಲ್ಲೇ ರೂಕಿ ಡ್ರಾಫ್ಟ್ ಇಟ್ಟುಕೊಂಡವರು ಇದನ್ನು ಕೊಳ್ಳಬೇಡಿ. ಆಗ ಡೆಪ್ತ್ ಚಾರ್ಟ್ ಭಾಗ ಇನ್ನೂ ಅರ್ಧ ಖಾಲಿ, ಟ್ರೇಡ್‌ಗಳು ನಡೆಯುತ್ತಲೇ ಇರುತ್ತವೆ. ಸೆಪ್ಟೆಂಬರ್ ಕೊನೆಯಲ್ಲಿ ಟ್ರೇನಿಂಗ್ ಕ್ಯಾಂಪ್ ಶುರುವಾಗುವ ಹೊತ್ತಿಗೆ ಬರುವ ಆವೃತ್ತಿಗೆ ಕಾಯಬಹುದಾದರೆ 20 ಡಾಲರ್ ಕೊಡಿ. ಕೊಂಡ ದಿನವೇ ಆಟೋ ರಿನ್ಯೂವಲ್ ತೆಗೆದುಹಾಕಿ. ಆ ಬಟನ್ ಪ್ರೊಫೈಲ್ ಪುಟದ ತೀರಾ ಕೆಳಗೆ, ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರದಲ್ಲಿದೆ.