ಪಾಂಡಾಸ್ ಜೊತೆ ಐದು ವರ್ಷ, ಒಂದು ತಾರೀಖಿನ ಜಗಳ

ನಾನು ಪ್ರೋಗ್ರಾಮರ್ ಅಲ್ಲ. ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ನೋಡುತ್ತೇನೆ. ಅದಕ್ಕೆ ಬಳಸೋದು ಪಾಂಡಾಸ್, ಅಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಷ್ಟಕದ ಲೆಕ್ಕ ಮಾಡುವ ಸಲಕರಣೆ. ನನಗೆ ಬರುವ ಪೈಥಾನ್ ಅಂದರೆ ಹತ್ತಿಪ್ಪತ್ತು ಸಾಲು, ಅಷ್ಟೇ. ಅವನ್ನೆಲ್ಲ ‘ತುಣುಕು’ ಅನ್ನೋ ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಕಷಾಯದ ಲೋಟ ಪಕ್ಕಕ್ಕಿಟ್ಟು ಹಿಂದಿನ ದಿನದ ಸಿಎಸ್‌ವಿ (ಕೋಷ್ಟಕದ ಸಾದಾ ಪಠ್ಯ ಫೈಲು) ತೆಗೆಯುತ್ತೇನೆ. ಬಗೆಬಗೆಯಾಗಿ ಗುಂಪು ಮಾಡುವ ಗ್ರೂಪ್‌ಬೈ ಸಾಲನ್ನು ಅಂಟಿಸಿ ಎಂಟರ್ ಒತ್ತಿದರೆ ಸಾಕು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅನ್ನೋ ಅಡಿಕೆ ಬಗೆಗಳೆಲ್ಲ ತಮ್ಮ ತಮ್ಮ ತೂಕ ಹೊತ್ತು ಸಾಲಾಗಿ ನಿಲ್ಲುತ್ತವೆ. ಕಷಾಯ ಇನ್ನೂ ಬಿಸಿ ಇರುತ್ತದೆ. ಉಳಿಸುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಬಗೆ) ‘ಯುಟಿಎಫ್-8-ಸಿಗ್’ ಅಂತ ಕೊಟ್ಟರೆ ಸ್ಪ್ರೆಡ್‌ಶೀಟಿನಲ್ಲಿ ರೈತರ ಕನ್ನಡ ಹೆಸರು ಕೆಡೋದಿಲ್ಲ. ಈ ಒಂದು ಪದ ಸಿಗೋಕೆ ನನಗೆ ಎರಡು ಸಂಜೆ ಬೇಕಾಯಿತು.

ಸಿಟ್ಟು ಬಂದಿದ್ದು ತಾರೀಖಿನ ಮೇಲೆ. 2021ರ ಮಾರ್ಚ್ ಲೆಕ್ಕ ತೆಗೆದರೆ, ಇನ್ನೂ ಬಾರದ ಡಿಸೆಂಬರ್‌ನಲ್ಲೂ ಅಡಿಕೆ ಮಾರಿಬಿಟ್ಟಿದ್ದೆವು! ನಾವು 05-03 ಅಂತ ಬರೆದರೆ ಅದು ಮೇ 3 ಅಂತ ಓದಿಕೊಂಡಿತ್ತು. 13ರಿಂದ ಮುಂದೆ ಮಾತ್ರ ಸರಿ, ಹದಿಮೂರನೇ ತಿಂಗಳು ಇಲ್ಲವಲ್ಲ. ಮೊದಲ ಹನ್ನೆರಡು ದಿನ ವರ್ಷವಿಡೀ ಚದುರಿಹೋಗಿದ್ದವು. 3ನೇ ತಾರೀಖು ಒಂದೇ ನೆಟ್ಟಗಿತ್ತು. ಎಲ್ಲೂ ಎರರ್ ಇಲ್ಲ, ಸುಮ್ನೆ ತಪ್ಪು. ಯಜಮಾನರ ಎದುರು ಏನು ಹೇಳೋದು? ಕೊನೆಗೆ ತಾರೀಖು ಓದುವ ಟು-ಡೇಟ್‌ಟೈಮ್ ಸಾಲಿಗೆ ‘ಡೇಫಸ್ಟ್=ಟ್ರೂ’, ಅಂದರೆ ಮೊದಲು ಬರೋದು ದಿನ ಅಂತ, ಸೇರಿಸಿದೆ.

2023ರಲ್ಲಿ ಪಾಂಡಾಸ್‌ನ 2.0 ಆವೃತ್ತಿ ಬಂತು. ಕೋಷ್ಟಕಕ್ಕೆ ಕೋಷ್ಟಕ ಸೇರಿಸುವ ‘ಅಪೆಂಡ್’ ಅನ್ನು ಅದರಲ್ಲಿ ತೆಗೆದಿದ್ದರು, ನನ್ನ ‘ಅಪೆಂಡ್’ ತುಣುಕುಗಳೆಲ್ಲ ಒಂದೇ ದಿನ ಸತ್ತವು, ಕೂತು ಎಲ್ಲ ಕಡೆ ಅದೇ ಕೆಲಸದ ‘ಕಾನ್‌ಕ್ಯಾಟ್’ ಮಾಡಿದೆ. ಬೈದುಕೊಂಡೇ ಮಾಡಿದೆ ಅನ್ನಿ. ಆದರೆ ಅದೇ ಆವೃತ್ತಿ ತಾರೀಖಿನ ಆಟಕ್ಕೂ ಕಡಿವಾಣ ಹಾಕಿತ್ತು. ಈಗ ಮೊದಲ ತಾರೀಖು ನೋಡಿ ಒಂದು ಮಾದರಿ ಹಿಡಿಯುತ್ತದೆ, ಮುಂದೆ ಅದಕ್ಕೆ ಹೊಂದದ್ದು ಬಂದರೆ ಎರರ್ ಕೊಟ್ಟು ನಿಲ್ಲುತ್ತದೆ. ಅವತ್ತಿನಿಂದ ಸಿಟ್ಟು ಇಳಿಯಿತು.

ದುಡ್ಡು ಕೊಡೋದೇನಿಲ್ಲ, ನನ್ನ ಹಳೇ ಲ್ಯಾಪ್‌ಟಾಪಿಗೂ ಸಾಕು. ಐದಕ್ಕೆ ನಾಲ್ಕು. ಇನ್ನೊಂದು ಯಾಕೆ ಕೊಡಲಿಲ್ಲ ಅಂದರೆ, ಫೈಲಿನಲ್ಲಿ 12ನೇ ತಾರೀಖಿನವರೆಗಿನ ವ್ಯಾಪಾರ ಮಾತ್ರ ಇದ್ದರೆ ಈಗಲೂ ಎರರ್ ಬರೋದಿಲ್ಲ, ತಿಂಗಳು ಅದಲುಬದಲಾಗುತ್ತದೆ. ಅದಕ್ಕೇ ‘ಡೇಫಸ್ಟ್’ ಸಾಲು ಇವತ್ತಿಗೂ ತುಣುಕು ಫೈಲಿನ ಮೊದಲಲ್ಲೇ ಇದೆ.