ವೇಗದ ಪಾಠಕ್ಕೆ ವಿಡಿಯೊ, ಆಪರೇಷನ್ಸ್‌ಗೆ ಕಾನ್ಫರೆನ್ಸ್

ವೆಬ್‌ಸೈಟ್ ವೇಗಕ್ಕೂ ಆಪರೇಷನ್ಸ್‌ಗೂ (ಅಂದರೆ ಸೈಟ್ ಬೀಳದಂತೆ ನಡೆಸುವ ಕೆಲಸಕ್ಕೂ) ಸೇರಿಸಿ ಒಂದೇ ದೊಡ್ಡ ಕಾನ್ಫರೆನ್ಸ್ ಇತ್ತು. ತಂತ್ರಜ್ಞಾನ ಪುಸ್ತಕಗಳ ಪ್ರಕಾಶನ ಸಂಸ್ಥೆ ಓರೈಲಿ 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ವೆಲಾಸಿಟಿ. ಈಗ ಅದಿಲ್ಲ. ವೇಗದ ಮಾತು ಆಮ್‌ಸ್ಟರ್‌ಡ್ಯಾಮ್‌ನ ಪರ್ಫಾರ್ಮೆನ್ಸ್ ಡಾಟ್ ನೌನಲ್ಲಿ ನಡೆಯುತ್ತದೆ. ಆಪರೇಷನ್ಸ್‌ಗೆ ಕಂಪ್ಯೂಟರ್ ತಜ್ಞರ ಸಂಘ ಯೂಸ್‌ನಿಕ್ಸ್‌ನ ಎಸ್‌ಆರ್‌ಇಕಾನ್, ಡೆವ್‌ಆಪ್ಸ್‌ಡೇಸ್, ನಮ್ಮ ಬೆಂಗಳೂರಿನ ರೂಟ್‌ಕಾನ್ಫ್ ಇವೆ. ಖರ್ಚು ಮಾಡಿಕೊಂಡು ಹೋಗಬೇಕಾ, ವಿಡಿಯೊ ನೋಡಿದರೆ ಸಾಲದಾ ಅಂತ ತಂಡದ ಹೊಸಬರು ಕೇಳುತ್ತಲೇ ಇರುತ್ತಾರೆ. ಎರಡನ್ನೂ ಮಾಡಿ ನೋಡಿದ್ದೇನೆ. ಏನು ಕಲಿಯಬೇಕು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ವೇಗದ ವಿಷಯಕ್ಕೆ ವಿಡಿಯೊನೇ ಮೇಲು. ಪುಟದ ಯಾವ ಫೈಲ್ ಯಾವಾಗ ಬಂತು ಅಂತ ಪಟ್ಟಿಗಳಲ್ಲಿ ತೋರಿಸುವ ವಾಟರ್‌ಫಾಲ್ ಚಾರ್ಟನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಹಾಲ್‌ನ ಹಿಂದಿನ ಸಾಲಿಗೆ ಆ ಸಣ್ಣ ಪಟ್ಟಿಗಳು ಕಾಣುವುದೇ ಇಲ್ಲ. ಅರ್ಥ ಆಗುವಷ್ಟರಲ್ಲಿ ಸ್ಲೈಡ್ ಮುಂದೆ ಹೋಗಿರುತ್ತದೆ. ವಿಡಿಯೊ ಆದರೆ ನಿಲ್ಲಿಸಿ, ಪಕ್ಕದಲ್ಲೇ ನಮ್ಮ ಸೈಟ್ ತೆರೆದು, ಬ್ರೌಸರ್‌ನಲ್ಲೇ ಇರುವ ಡೆವ್‌ಟೂಲ್ಸ್‌ನಲ್ಲಿ ಅದೇ ಪರೀಕ್ಷೆ ಮಾಡಬಹುದು. ಹೀಗೆ ನೋಡುತ್ತಿದ್ದಾಗಲೇ ನಮ್ಮ ಮುಖಪುಟದ ದೊಡ್ಡ ಚಿತ್ರಕ್ಕೆ ಲೇಜಿ ಲೋಡಿಂಗ್ ಹಾಕಿರುವುದು ಕಣ್ಣಿಗೆ ಬಿತ್ತು. ಪುಟ ತೆರೆದ ಕೂಡಲೇ ಕಾಣಬೇಕಾದ ಚಿತ್ರ ಅದು! ಲೇಜಿ ಅಂದಮೇಲೆ ಬ್ರೌಸರ್ ಲೇಔಟ್ ಲೆಕ್ಕ ಹಾಕಿ, ಚಿತ್ರ ಪರದೆಯ ಹತ್ತಿರ ಇದೆ ಅಂತ ಗೊತ್ತಾಗುವ ತನಕ ಅದನ್ನು ತರಿಸುವುದೇ ಇಲ್ಲ. ಲೇಜಿ ತೆಗೆದು, ಇದನ್ನು ಮೊದಲು ತರಿಸು ಅಂತ ಬ್ರೌಸರ್‌ಗೆ ಹೇಳುವ ಫೆಚ್‌ಪ್ರಯಾರಿಟಿ ಹೈ ಕೊಟ್ಟೆವು. ಎಲ್‌ಸಿಪಿ, ಅಂದರೆ ಪರದೆಯ ಅತಿ ದೊಡ್ಡ ಭಾಗ ಕಾಣಲು ಹಿಡಿಯುವ ಸಮಯ, 2.5 ಸೆಕೆಂಡಿನ ಒಳಗೆ ಬಂತು. ಗೂಗಲ್ ಹಾಕಿರುವ ಗೆರೆ ಅದೇ, ಅದೂ 100 ಭೇಟಿಯಲ್ಲಿ 75ಕ್ಕಾದರೂ ದಕ್ಕಬೇಕು. ಹಳೇ ಫೋನಿನಲ್ಲಿ, ಸಿಗ್ನಲ್ ಸರಿಯಿಲ್ಲದ ಊರಲ್ಲಿ ಪುಟ ತೆರೆಯುವವರಿಗೆ ಇದು ಸಣ್ಣ ಸಂಗತಿ ಅಲ್ಲ.

ವಿಡಿಯೊದ ತಾರೀಖು ಮಾತ್ರ ನೋಡಿಕೊಳ್ಳಿ. ಒತ್ತಿದ್ದಕ್ಕೆ ಪುಟ ಎಷ್ಟು ಬೇಗ ಸ್ಪಂದಿಸುತ್ತದೆ ಅಂತ ಹೇಳುವ ಗೂಗಲ್‌ನ ಅಳತೆಗಳಲ್ಲಿ 2024ರ ಮಾರ್ಚ್‌ನಲ್ಲಿ ಎಫ್‌ಐಡಿ ಹೋಗಿ ಐಎನ್‌ಪಿ ಬಂದಿದೆ. ಅದಕ್ಕೂ ಹಿಂದಿನವು ಹೆಚ್ಚಾಗಿ ಹಳೇ ಅಳತೆ ಹಿಡಿದೇ ಮಾತಾಡುತ್ತವೆ.

ಆಪರೇಷನ್ಸ್ ಕಥೆ ಬೇರೆ. ಎಸ್‌ಆರ್‌ಇಕಾನ್ ವಿಡಿಯೊಗಳನ್ನು ಯೂಸ್‌ನಿಕ್ಸ್ ಎಲ್ಲರಿಗೂ ಪುಕ್ಕಟೆ ಇಟ್ಟಿದೆ, ಸಾಕಷ್ಟು ಆಳವಾಗಿಯೂ ಇವೆ. ಆದರೆ ವೇದಿಕೆ ಮೇಲೆ ಹೇಳುವ ಔಟೇಜ್ ಕಥೆ, ಅಂದರೆ ಸೈಟ್ ಬಿದ್ದ ಕಥೆ, ಕಂಪನಿ ಒಪ್ಪಿದ ಮೇಲೆ ಬಂದದ್ದು. ಒಪ್ಪಿಗೆ ಸಿಗದ ಕಥೆಗಳಲ್ಲೇ ಕಲಿಯುವುದು ಜಾಸ್ತಿ ಇರುತ್ತದೆ, ಅಲ್ವಾ? ಅವು ಸಿಗುವುದು ಡೆವ್‌ಆಪ್ಸ್‌ಡೇಸ್‌ನ ಓಪನ್ ಸ್ಪೇಸ್‌ನಲ್ಲಿ. 2009ರಲ್ಲಿ ಪ್ಯಾಟ್ರಿಕ್ ದೆಬ್ವಾ ಬೆಲ್ಜಿಯಂನ ಗೆಂಟ್‌ನಲ್ಲಿ ಶುರು ಮಾಡಿದ ಕೂಟ ಇದು. ಬಂದವರೇ ಚೀಟಿಯಲ್ಲಿ ವಿಷಯ ಬರೆದು ಗೋಡೆಗೆ ಅಂಟಿಸುತ್ತಾರೆ. ಬೇಕಾದವರು ಕುರ್ಚಿ ಎಳೆದುಕೊಂಡು ಸುತ್ತ ಕೂರುತ್ತಾರೆ. ಸ್ಲೈಡ್ ಇಲ್ಲ, ರೆಕಾರ್ಡಿಂಗ್ ಇಲ್ಲ.

ಅಂಥ ಒಂದು ಗುಂಪಿನಲ್ಲಿ ಒಬ್ಬರು ತಮ್ಮ ಸೈಟ್ ಬಿದ್ದ ರಾತ್ರಿಯ ವಿಷಯ ಹೇಳಿದರು. ಡೇಟಾಬೇಸ್ ಸ್ವಲ್ಪ ಹೊತ್ತು ನಿಧಾನ ಆಯಿತು, ಅಷ್ಟೇ. ಆದರೆ ಆ್ಯಪ್, ಗೇಟ್‌ವೇ, ಒಳಗಿನ ಸರ್ವಿಸ್, ಮೂರೂ ಕಡೆ ರೀಟ್ರೈ (ಉತ್ತರ ಬರದಿದ್ದರೆ ಮತ್ತೆ ಕೇಳುವುದು) ಹಾಕಿದ್ದರು. ಪ್ರತಿ ಹಂತದಲ್ಲೂ ಮೂರು ಸಲ ಅಂದರೆ ಒಂದು ರಿಕ್ವೆಸ್ಟ್ ಕೊನೆಗೆ 27 ಆಗಿ ಬಂದು ಬೀಳುತ್ತದೆ. ಬಸ್ಸಿನ ಬಾಗಿಲಿಗೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ಒಬ್ಬರೂ ಹತ್ತಲಾಗದ ಹಾಗೆ, ಚೇತರಿಸಿಕೊಂಡ ಡೇಟಾಬೇಸ್ ಮತ್ತೆ ಮತ್ತೆ ಬಿತ್ತು. ಅಲರ್ಟ್ ಬಂದಿತ್ತು. ದಿನವೂ ಸುಮ್ನೆ ಕೂಗುತ್ತದೆ ಅಂತ ಯಾರೋ ಅದನ್ನು ಮ್ಯೂಟ್ ಮಾಡಿದ್ದರು. ಈ ಕೊನೆಯ ಮಾತನ್ನು ಯಾವ ಕಂಪನಿ ವೇದಿಕೆ ಮೇಲೆ ಹೇಳಲು ಬಿಡುತ್ತದೆ? ರೀಟ್ರೈ ಒಂದೇ ಹಂತದಲ್ಲಿ ಇರಲಿ, ಪ್ರಯತ್ನದ ನಡುವಿನ ಅಂತರ ಬೆಳೆಯುತ್ತಾ ಹೋಗಲಿ, ಎಲ್ಲರೂ ಒಟ್ಟಿಗೆ ಕೇಳದ ಹಾಗೆ ಆ ಅಂತರಕ್ಕೆ ಜಿಟರ್, ಅಂದರೆ ಸ್ವಲ್ಪ ಏರುಪೇರು, ಸೇರಿಸಿ ಅಂತ ಗುಂಪಿನಲ್ಲಿದ್ದವರು ಅಲ್ಲೇ ಚರ್ಚೆ ಮಾಡಿ ಹೇಳಿದರು. ನಮ್ಮ ಅಲರ್ಟ್ ಪಟ್ಟಿಯನ್ನು ನಾವು ಪೂರ್ತಿ ತಿರುವಿ ನೋಡಿದ್ದು ಅದಾದ ಮೇಲೆಯೇ.

ರೂಟ್‌ಕಾನ್ಫ್‌ನಲ್ಲಿ ಒಂದೇ ಆಸಕ್ತಿಯವರು ಸೇರಿ ಮಾತಾಡುವ ಬಿಒಎಫ್ ಕೂಟಗಳಲ್ಲೂ ಇಂಥ ಮಾತು ಸಿಗುತ್ತದೆ. ಮಾತಾಡುವವರ ಪ್ರಸ್ತಾವಗಳನ್ನು ಅದನ್ನು ನಡೆಸುವ ಹ್ಯಾಸ್‌ಗೀಕ್ ಮೊದಲೇ ಬಹಿರಂಗವಾಗಿ ಇಡುವುದರಿಂದ, ಓದಿ ನೋಡಿ ಟಿಕೆಟ್ ತೆಗೆದುಕೊಳ್ಳಬಹುದು. ಬೆಂಗಳೂರಿನವರಿಗೆ ವೀಸಾ, ವಿಮಾನದ ತಲೆನೋವೂ ಇಲ್ಲ.

ಕಂಪನಿ ಒಬ್ಬರಿಗೇ ಟಿಕೆಟ್ ಕೊಡುವುದಾದರೆ ಆನ್‌ಕಾಲ್ ಮಾಡುವವರನ್ನೇ, ಅಂದರೆ ಸೈಟ್ ಬಿದ್ದಾಗ ಎದ್ದು ನೋಡುವವರನ್ನೇ ಕಳಿಸಲಿ. ಪುಟ ಕಟ್ಟುವ ಫ್ರಂಟ್‌ಎಂಡ್‌ನವರಿಗೆ ವಿಡಿಯೊ ನೋಡಿ ಪ್ರಯೋಗ ಮಾಡಲು ಕೆಲಸದ ವೇಳೆಯಲ್ಲೇ ಅರ್ಧ ದಿನ ಬಿಡುವು ಕೊಡಲಿ. ರಾತ್ರಿ ಮನೆಗೆ ಹೋಗಿ ನೋಡಿಕೊಳ್ಳಿ ಅನ್ನುವುದು ನ್ಯಾಯ ಅಲ್ಲ.