ಚಿಕ್ಕ ಊರಿನ ನಿರುದ್ಯೋಗ ನೋಡಲು ಫ್ರೆಡ್ ಹೇಗಿದೆ?

ಅಮೆರಿಕದ ಚಿಕ್ಕ ಮೆಟ್ರೋ ಪ್ರದೇಶಗಳಲ್ಲಿ ಕೆಲಸದ ಸ್ಥಿತಿ ಹೇಗಿದೆ ಅಂತ ನೋಡಬೇಕಾದಾಗ ನಾನು ಮೊದಲು ತೆರೆಯುವುದು ಫ್ರೆಡ್. ಅಮೆರಿಕದ ಕೇಂದ್ರೀಯ ಬ್ಯಾಂಕ್ ವ್ಯವಸ್ಥೆಯ ಭಾಗವಾದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕ್ ನಡೆಸುವ, ಆರ್ಥಿಕ ಅಂಕಿಅಂಶಗಳ ಜಾಲತಾಣ. ಪೂರ್ತಿ ಉಚಿತ, ಗ್ರಾಫ್ ನೋಡಲು ಲಾಗಿನ್ ಕೂಡ ಬೇಡ, ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ಅಲ್ಲಿ ಮೆಟ್ರೋ ಅಂದರೆ ದೊಡ್ಡ ನಗರವೇ ಆಗಬೇಕಿಲ್ಲ. ಮಧ್ಯದಲ್ಲಿ 50,000 ಜನರ ಪಟ್ಟಣವೊಂದು ಇದ್ದರೆ ಸಾಕು, ಸುತ್ತಲಿನ ಕೌಂಟಿಯೂ (ನಮ್ಮ ಜಿಲ್ಲೆಯಂಥದ್ದು) ಸೇರಿ ಮೆಟ್ರೋ ಪ್ರದೇಶ ಆಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಅದರ ಉದ್ದನೆಯ ಗೆರೆ. 1990ರಿಂದ ತಿಂಗಳು ತಿಂಗಳಿನ ನಿರುದ್ಯೋಗ ದರ ಇದೆ, ಆರ್ಥಿಕ ಹಿಂಜರಿತದ ತಿಂಗಳುಗಳಿಗೆ ಬೂದು ಬಣ್ಣ ಹಚ್ಚಿರುತ್ತಾರೆ. ಇಂಡಿಯಾನಾದ ಎಲ್ಕ್‌ಹಾರ್ಟ್ ತೆಗೆದು ನೋಡಿ. ಪ್ರವಾಸಕ್ಕೆ ಹೋಗುವ ಮನೆಯಂಥ ವಾಹನಗಳನ್ನು, ಅಂದರೆ ಆರ್‌ವಿಗಳನ್ನು ತಯಾರಿಸುವ ಊರು ಅದು. ಕೈಯಲ್ಲಿ ದುಡ್ಡು ಕಮ್ಮಿ ಆದಾಗ ಜನ ಮೊದಲು ಕೈಬಿಡುವುದು ಇಂಥ ಖರೀದಿಯನ್ನೇ ಅಲ್ವಾ? 2009ರಲ್ಲಿ ಅಲ್ಲಿಯ ದರ ಶೇ 20ರ ಹತ್ತಿರ ಹೋಯಿತು, ದೇಶದ ದರ ಮಾತ್ರ ಆ ವರ್ಷ ಶೇ 10 ಮುಟ್ಟಿದ್ದೇ ಹೆಚ್ಚು. 2020ರ ಏಪ್ರಿಲ್‌ನಲ್ಲಿ ಕಾರ್ಖಾನೆಗಳು ಮುಚ್ಚಿದಾಗ ಗೆರೆ ಇನ್ನೂ ಮೇಲಕ್ಕೆ ನೆಗೆದು, ಕೆಲವೇ ತಿಂಗಳಲ್ಲಿ ಕೆಳಗೆ ಬಿತ್ತು, ಯಾಕೆಂದರೆ ವಿಮಾನ, ಹೋಟೆಲ್ ಬೇಡ ಅಂದ ಜನ ಆರ್‌ವಿ ಕೊಳ್ಳಲು ಮುಗಿಬಿದ್ದರು. ಒಂದೇ ಉದ್ಯಮ ನಂಬಿದ ಊರಿನ ಕಥೆ ಪೂರ್ತಿ ಆ ಒಂದು ಗೆರೆಯಲ್ಲಿದೆ.

ಆದರೆ ಒಂದು ತಿಂಗಳ ಅಂಕಿ ಹಿಡಿದು ಮಾತಾಡಬೇಡಿ. ಚಿಕ್ಕ ಊರುಗಳ ವಿಷಯದಲ್ಲಿ ಇದು ತುಂಬಾ ಮುಖ್ಯ. ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೋದಲ್ಲಿ ತರಕಾರಿ ಕೊಯ್ಲು ಚಳಿಗಾಲದ್ದು, ಹಾಗಾಗಿ ಬೇಸಿಗೆಯಲ್ಲಿ ಪ್ರತಿವರ್ಷ ದರ ಏರುತ್ತದೆ. ಋತುವಿನ ಏರಿಳಿತ ತೆಗೆಯದ ಸರಣಿ ನೋಡುತ್ತಿದ್ದರೆ ಕಳೆದ ತಿಂಗಳ ಜೊತೆ ಹೋಲಿಸಬೇಡಿ, ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ಎಡಿಟ್ ಗ್ರಾಫ್ ಒತ್ತಿದರೆ ಆ ಆಯ್ಕೆ ಸಿಗುತ್ತದೆ. ಅಲ್ಲಿ ಶೇಕಡಾವಾರು ಬದಲಾವಣೆ ಅನ್ನುವುದನ್ನು ಮಾತ್ರ ಆರಿಸಬೇಡಿ. ದರ 4ರಿಂದ 5ಕ್ಕೆ ಹೋಗಿದ್ದರೆ ಅದು 25 ಅಂತ ತೋರಿಸುತ್ತದೆ, ನೋಡಿದವರು ಸುಮ್ನೆ ಗಾಬರಿ ಬೀಳುತ್ತಾರೆ.

ಇನ್ನೊಂದು ವಿಷಯ. ಈ ಅಂಕಿಗಳು ಫ್ರೆಡ್‌ನವರ ಸ್ವಂತದ್ದಲ್ಲ, ಕಾರ್ಮಿಕ ಇಲಾಖೆಯ ಅಂಕಿಅಂಶ ಬ್ಯೂರೋದಿಂದ ಬರುತ್ತವೆ. ದೇಶದ ದರಕ್ಕಾಗಿ ತಿಂಗಳಿಗೆ ಸುಮಾರು 60,000 ಮನೆಗಳ ಸಮೀಕ್ಷೆ ನಡೆಯುತ್ತದೆ. ಅದರಲ್ಲಿ ಒಂದು ಚಿಕ್ಕ ಊರಿನ ಪಾಲಿಗೆ ಬರುವ ಮನೆಗಳು ತೀರಾ ಕಮ್ಮಿ. ಹಾಗಾಗಿ ನಿರುದ್ಯೋಗ ಭತ್ಯೆಯ ಅರ್ಜಿಗಳು, ಉದ್ಯೋಗದ ದಾಖಲೆಗಳು ಎಲ್ಲ ಸೇರಿಸಿ ಅಂದಾಜು ಮಾಡುತ್ತಾರೆ, ಮುಂದೆ ತಿದ್ದುತ್ತಾರೆ ಕೂಡ. ದಶಾಂಶ ಒಂದು ಎರಡರ ಬದಲಾವಣೆಗೆ ಜಾಸ್ತಿ ಅರ್ಥ ಹುಡುಕಬೇಡಿ.

ನನಗೆ ನಿಜಕ್ಕೂ ಕಾಡುವುದು ಈ ದರದ ಹಿಂದೆ ಮರೆಯಾಗುವ ಜನ. ಹಿಂದಿನ 4 ವಾರದಲ್ಲಿ ಕೆಲಸ ಹುಡುಕದವರನ್ನು ಸಾಮಾನ್ಯವಾಗಿ ನಿರುದ್ಯೋಗಿ ಅಂತ ಎಣಿಸುವುದಿಲ್ಲ. ಹುಡುಕಿ ಹುಡುಕಿ ಸೋತು ಕೂತವರು, ಊರನ್ನೇ ಬಿಟ್ಟು ಹೋದವರು ಲೆಕ್ಕದಿಂದ ಜಾರಿಬಿಡುತ್ತಾರೆ. ಆಗ ಕೆಲಸ ಒಂದೂ ಹೆಚ್ಚದೆ ದರ ಇಳಿಯಬಹುದು, ಊರು ಚೇತರಿಸಿಕೊಂಡಿತು ಅಂತ ನಾವು ಖುಷಿಪಡಬಹುದು. ಇದನ್ನು ತಪ್ಪಿಸಲು ಅದೇ ಗ್ರಾಫಿನಲ್ಲಿ ಆ ಊರಿನ ಲೇಬರ್ ಫೋರ್ಸ್, ಅಂದರೆ ಕೆಲಸದಲ್ಲಿರುವವರು ಮತ್ತು ನಿರುದ್ಯೋಗಿಗಳ ಒಟ್ಟು ಸಂಖ್ಯೆಯ ಸರಣಿಯನ್ನೂ ಸೇರಿಸಿ, ಅದಕ್ಕೆ ಬಲಗಡೆಯ ಅಳತೆ ಕೊಡಿ. ಎರಡೂ ಗೆರೆ ಒಟ್ಟಿಗೆ ಇಳಿಯುತ್ತಿದ್ದರೆ ಅದು ಒಳ್ಳೆಯ ಸುದ್ದಿ ಆಗಿರಲಿಕ್ಕಿಲ್ಲ.

5ಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಎರಡನೇ ಗೆರೆಯನ್ನು ನಾವೇ ಹುಡುಕಿ ಸೇರಿಸಬೇಕು, ಅರ್ಧ ಹಿಡಿದದ್ದು ಅದಕ್ಕೇ.